ಪ್ರಶ್ನೆ ಕೇಳದ ಸಂಗಾತಿ

ಮೂವತ್ತು ವರ್ಷಗಳಿಗೂ ಮಿಕ್ಕಿ ಪ್ರೌಢಶಾಲೆಯಲ್ಲಿ ಪ್ರಶ್ನೆ ಕೇಳುವುದೇ ನನ್ನ ವೃತ್ತಿಯಾಗಿತ್ತು. ನಿವೃತ್ತನಾದ ಮೇಲೂ ಆ ಚಟ ಬಿಡಲಿಲ್ಲ. ಅದರ ಪೆಟ್ಟು ತಿಂದವರು ನನ್ನ ಹಿರಿಯಣ್ಣ.

ಮಹಾಗಾಂವದಲ್ಲಿ ಒಕ್ಕಲುತನ ಮಾಡಿಕೊಂಡು ಬಾಳಿದ ಅಣ್ಣನಿಗೆ ಎಪ್ಪತ್ತೈದರ ಮೇಲೆ ಮರೆವು ಆವರಿಸತೊಡಗಿತು. ‘ಅರವತ್ತಕ್ಕೆ ಅರಳುಮರಳು’ ಎಂದು ಮನೆಮಂದಿ ಕೆಲಕಾಲ ಸುಮ್ಮನಿದ್ದರು. ಕೊನೆಗೆ ವೈದ್ಯರು ಅದನ್ನು ಡಿಮೆನ್ಷಿಯಾ ಎಂದರು. ಆರೈಕೆಗೆ ಅನುಕೂಲವೆಂದು ಅವರನ್ನು ಕಲಬುರಗಿಯ ನನ್ನ ಮನೆಗೆ ಕರೆತಂದೆ. ಎತ್ತುಗಳನ್ನು ಮಾರಿದೆವು, ಒಂದು ಹಸು ಮಾತ್ರ ಊರಲ್ಲಿ ಉಳಿಯಿತು. ಬೆಳಗಾದರೆ ನನ್ನ ಪರೀಕ್ಷೆ ಆರಂಭ. “ಅಣ್ಣಾ, ನಾ ಯಾರು ಹೇಳು? ಇವತ್ತು ಯಾವ ವಾರ?” ಉತ್ತರ ತೋಚದೆ ಅವರ ಮುಖ ಬಾಡುತ್ತಿತ್ತು. ನೆನಪಿಗೆ ಕಸರತ್ತು ಕೊಡುತ್ತಿದ್ದೇನೆಂದು ನಾನು ಭಾವಿಸಿದ್ದೆ, ಕೊಡುತ್ತಿದ್ದುದು ಅವಮಾನವನ್ನು.

ಎಳ್ಳ ಅಮಾವಾಸ್ಯೆಗೆ ಅವರನ್ನು ಊರಿಗೆ ಕರೆದೊಯ್ದೆವು. ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ ರೊಟ್ಟಿ ಉಂಡು ಮನೆಗೆ ಮರಳಿದಾಗ ಅಣ್ಣ ಯಾರೂ ಹೇಳದೆಯೇ ಕೊಟ್ಟಿಗೆಗೆ ನಡೆದರು. ಹಸುವಿನ ಗಂಗೆದೊಗಲನ್ನು ನೀವುತ್ತ, “ಯಾಕವ್ವಾ, ನೀರ ಕುಡದಿಲ್ಲೇನು?” ಎಂದರು. ಸಡಿಲವಾಗಿದ್ದ ಹಗ್ಗವನ್ನು ಬಿಚ್ಚಿ ಮತ್ತೆ ಬಿಗಿದರು. ವಾರದ ಹೆಸರು ಮರೆತವರ ಕೈಗೆ ಆ ಗಂಟು ಮರೆತಿರಲಿಲ್ಲ.

ಇದು ಪವಾಡವಲ್ಲ. ಈ ರೋಗದಲ್ಲಿ ಹೊಸ ನೆನಪುಗಳು ಮೊದಲು ಅಳಿಯುತ್ತವೆ. ಬಾಲ್ಯದಿಂದ ಮಾಡಿ ರೂಢಿಯಾದ ಕೆಲಸಗಳು ಬಹುಕಾಲ ಉಳಿಯುತ್ತವೆ. ಅಲ್ಲದೆ ಪ್ರಾಣಿಯು ಹೆಸರು ಕೇಳುವುದಿಲ್ಲ, ತಪ್ಪು ತಿದ್ದುವುದಿಲ್ಲ. ಅಮೆರಿಕದಲ್ಲಿ ಅಲ್ಝೈಮರ್ ರೋಗಿಗಳ ಊಟದ ಕೋಣೆಗಳಲ್ಲಿ ಮೀನಿನ ತೊಟ್ಟಿಗಳನ್ನಿರಿಸಿದಾಗ ಅವರು ಹೆಚ್ಚು ಊಟ ಮಾಡಿದರೆಂದು 2002ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು. ಆದರೆ ಉತ್ಪ್ರೇಕ್ಷೆ ಸಲ್ಲದು. ಒಂಬತ್ತು ಪ್ರಯೋಗಗಳ 305 ಮಂದಿಯ ಫಲಿತಾಂಶಗಳನ್ನು ತೂಗಿ ನೋಡಿದ 2019ರ ಕಾಕ್ರೇನ್ ಸಮೀಕ್ಷೆಯು, ಪ್ರಾಣಿಗಳ ಒಡನಾಟದಿಂದ ಖಿನ್ನತೆ ತುಸು ತಗ್ಗಬಹುದು ಎಂದಷ್ಟೇ ಹೇಳಿದೆ. ಹಸುವಾಗಲಿ ನಾಯಿಯಾಗಲಿ ಮದ್ದಲ್ಲ, ಸಂಗಾತಿ ಮಾತ್ರ. ಮೊದಲು ವೈದ್ಯರಲ್ಲಿ ತೋರಿಸಲೇಬೇಕು. ಥೈರಾಯ್ಡ್ ದೋಷ, ಬಿ12 ಕೊರತೆಗಳಿಂದಲೂ ಮರೆವು ಬರುವುದುಂಟು, ಅವಕ್ಕೆ ಚಿಕಿತ್ಸೆಯಿದೆ.

2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದರ ಅಂದಾಜಿನಂತೆ 60 ದಾಟಿದ ಭಾರತೀಯರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ; ನಗರಗಳಿಗಿಂತ ಹಳ್ಳಿಗಳಲ್ಲಿ ಈ ಪ್ರಮಾಣ ಹೆಚ್ಚು. ಹಳ್ಳಿಯಲ್ಲಿ ವೈದ್ಯರು ದೂರ, ನಿಜ. ಆದರೆ ಕೊಟ್ಟಿಗೆ ಹತ್ತಿರವಿದೆ. ಆದ್ದರಿಂದ ನನ್ನ ಅಭಿಪ್ರಾಯವಿಷ್ಟು: ಮರೆವು ಬಂದ ಹಿರಿಯರನ್ನು ನಗರಕ್ಕೆ ಸಾಗಿಸುವ ಮುನ್ನ, ಅವರ ದನಕರುಗಳನ್ನು ಸಂತೆಗೆ ಹೊಡೆಯುವ ಮುನ್ನ, ಒಮ್ಮೆ ಯೋಚಿಸಿರಿ. ಎಲ್ಲವನ್ನೂ ಉಳಿಸಿಕೊಳ್ಳಲಾಗದು, ಸಾಧುವಾದ ಒಂದನ್ನಾದರೂ ಉಳಿಸಿರಿ.

ಎಚ್ಚರವೂ ಅಗತ್ಯ. ಹಾಯುವ ದನದ ಬಳಿ ಅವರನ್ನು ಬಿಡಬಾರದು. ಸಾಧು ಪ್ರಾಣಿಯ ಬಳಿಯೂ ಒಬ್ಬರು ಜೊತೆಗಿರಬೇಕು. ಬಿದ್ದರೆ ಮುಪ್ಪಿನ ಮೂಳೆ ಕೂಡುವುದು ಕಷ್ಟ. ನಾಯಿ ಬೆಕ್ಕುಗಳಿಗೆ ರೇಬೀಸ್ ಲಸಿಕೆ ತಪ್ಪಬಾರದು. ಪ್ರಾಣಿಗಳೆಂದರೆ ಹೆದರುವವರ ಮೇಲೆ ಅವನ್ನು ಹೇರಬಾರದು. ಮೂಕಪ್ರಾಣಿಯ ಹೊಣೆಯನ್ನು ಹೊರುವವರು ಮನೆಯಲ್ಲಿರಬೇಕು. ಇಲ್ಲವಾದರೆ ಅದಕ್ಕೂ ಅನ್ಯಾಯ, ಸೊಸೆಯಂದಿರ ಬೆನ್ನಿಗೂ ಹೊರೆ.

ಯುಗಾದಿಗೆ ಮೊದಲೇ ಅಣ್ಣನನ್ನು ಊರಿಗೆ ಮರಳಿಸಿದೆವು. ಕಾಯಿಲೆ ನಿಲ್ಲಲಿಲ್ಲ, ಅವರು ತೀರಿಕೊಳ್ಳುವವರೆಗೂ ನನ್ನ ಹೆಸರು ಅವರ ಬಾಯಿಗೆ ಬರಲಿಲ್ಲ. ನಾನೂ ಕೇಳುವುದನ್ನು ಬಿಟ್ಟು, ವಾರಕ್ಕೊಮ್ಮೆ ಹೋಗಿ ಕೊಟ್ಟಿಗೆಯ ಕಟ್ಟೆಯ ಮೇಲೆ ಅವರ ಪಕ್ಕ ಸುಮ್ಮನೆ ಕೂರುತ್ತಿದ್ದೆ. ಒಂದು ಸಂಜೆ ಮೇವಿನಲ್ಲಿ ಅರ್ಧವನ್ನು ನನ್ನ ಕೈಗಿತ್ತು, “ನೀನೂ ಹಾಕು, ಮಾಸ್ತರ” ಎಂದರು.

ನನಗೆ ಅಷ್ಟು ಸಾಕಾಗಿತ್ತು.