ಪ್ಲಾಸ್ಮಾ ಯಂತ್ರ ಬಂತು, ಪರೀಕ್ಷೆ ಎಲ್ಲಿ?

ಕೃತಕ ಸೊಂಟದ ಕೀಲಿನಲ್ಲಿ ಲೋಹದ ಗುಂಡು ಕೂರುವ ಬಟ್ಟಲನ್ನು ಒಂದು ಬಗೆಯ ಗಟ್ಟಿ ಪಾಲಿಥೀನಿನಿಂದ ಮಾಡುತ್ತಾರೆ. ಇಂಗ್ಲೆಂಡಿನ ಶಸ್ತ್ರವೈದ್ಯ ಜಾನ್ ಚಾರ್ನ್ಲಿ 1962ರಲ್ಲಿ ಇದನ್ನು ಬಳಕೆಗೆ ತಂದರು. ಮುಂದೆ ದಶಕಗಳ ಕಾಲ ಈ ಬಟ್ಟಲುಗಳನ್ನು ಗಾಳಿಯಿರುವ ಪೊಟ್ಟಣದಲ್ಲಿಟ್ಟು, ಗಾಮಾ ಕಿರಣ ಹಾಯಿಸಿ ರೋಗಾಣುಮುಕ್ತ ಮಾಡುತ್ತಿದ್ದರು. ರೋಗಾಣುಗಳೇನೋ ಸತ್ತವು. ಆದರೆ ಕಿರಣವು ಪ್ಲಾಸ್ಟಿಕ್ಕಿನ ಅಣುಸರಪಳಿಗಳನ್ನೂ ಕಡಿಯಿತು. ಕಡಿದ ತುದಿಗಳಲ್ಲಿ ಜೋಡಿಯಿಲ್ಲದ ಎಲೆಕ್ಟ್ರಾನುಗಳು ಉಳಿದವು. ಫ್ರೀ ರ‍್ಯಾಡಿಕಲ್ ಎನ್ನುವುದು ಇವನ್ನೇ. ಆಮ್ಲಜನಕ ಸಿಕ್ಕಾಗಲೆಲ್ಲ ಅವು ಅದಕ್ಕೆ ಅಂಟಿಕೊಂಡವು. ಉಗ್ರಾಣದ ಕಪಾಟಿನಲ್ಲಿ ಸುಮ್ಮನೆ ಕೂತಿದ್ದ ಬಟ್ಟಲು ಕೂಡ ವರ್ಷಗಳು ಕಳೆದಂತೆ ಒಳಗೊಳಗೇ ಪೆಡಸಾಯಿತು. ಕೆಲವು ರೋಗಿಗಳ ಸೊಂಟದಲ್ಲಿ ಬೇಗ ಸವೆಯಿತು, ಬಿರುಕು ಬಿಟ್ಟಿತು.

ಹೊರನೋಟಕ್ಕೆ ಕಾಣದ ಈ ರ‍್ಯಾಡಿಕಲ್‌ಗಳನ್ನು ಹಿಡಿದು ತೋರಿಸಿದ್ದು ಎಲೆಕ್ಟ್ರಾನ್ ಸ್ಪಿನ್ ಅನುರಣನ, ಪ್ರಯೋಗಾಲಯದವರ ಬಾಯಲ್ಲಿ ಇಎಸ್‌ಆರ್. (ರಕ್ತಪರೀಕ್ಷೆಯ ಇಎಸ್‌ಆರ್ ಬೇರೆ.) 1990ರ ದಶಕದಲ್ಲಿ ತಯಾರಕರು ದಾರಿ ಬದಲಿಸಿದರು. ಕೆಲವರು ಆಮ್ಲಜನಕವಿಲ್ಲದ ಪೊಟ್ಟಣಕ್ಕೆ ಹೋದರು, ಕೆಲವರು ಎಥಿಲೀನ್ ಆಕ್ಸೈಡ್ ಅನಿಲಕ್ಕೆ, ಇನ್ನು ಕೆಲವರು ಗ್ಯಾಸ್ ಪ್ಲಾಸ್ಮಾಕ್ಕೆ. ಪ್ಲಾಸ್ಮಾದ ಆಟ ಮೇಲ್ಮೈಯಲ್ಲೇ ಮುಗಿಯುತ್ತದೆ, ಬಟ್ಟಲಿನ ಒಡಲನ್ನು ಅದು ಮುಟ್ಟುವುದಿಲ್ಲ. ಸಂಸ್ಕರಣೆಯೂ ಅದನ್ನು ಅಳೆಯುವ ಉಪಕರಣವೂ ಹೀಗೆ ಜೊತೆಯಾಗಿ ನಡೆಯಬೇಕು. ನಮ್ಮಲ್ಲಿ ಮೊದಲನೆಯದಕ್ಕೆ ಇರುವ ಉತ್ಸಾಹ ಎರಡನೆಯದಕ್ಕೆ ಇಲ್ಲ ಎಂಬುದೇ ನನ್ನ ತಕರಾರು.

ಕಡಿಮೆ ಒತ್ತಡದಲ್ಲಿರುವ ಅನಿಲಕ್ಕೆ ರೇಡಿಯೊ ಆವರ್ತನದ ವಿದ್ಯುತ್ ಕೊಟ್ಟರೆ, ಸಾಮಾನ್ಯವಾಗಿ 13.56 ಮೆಗಾಹರ್ಟ್ಸ್, ಅದು ನೇರಳೆಯಾಗಿಯೋ ಗುಲಾಬಿಯಾಗಿಯೋ ಹೊಳೆಯತೊಡಗುತ್ತದೆ. ಇದೇ ಪ್ಲಾಸ್ಮಾ. ಅದರೊಳಗಿನ ಎಲೆಕ್ಟ್ರಾನುಗಳ ತಾಪ ಹತ್ತಾರು ಸಾವಿರ ಡಿಗ್ರಿಯಾದರೂ ಅನಿಲ ಉಗುರುಬೆಚ್ಚಗೆ ಇರುತ್ತದೆ. ಹಾಗಾಗಿ ಪ್ಲಾಸ್ಟಿಕ್ ಕರಗುವುದಿಲ್ಲ, ಬಟ್ಟೆ ಸುಡುವುದಿಲ್ಲ. ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯವರು ಅಂಗೋರಾ ಮೊಲದ ಜಾರುವ ಕೂದಲಿಗೆ ಪ್ಲಾಸ್ಮಾ ಹಾಯಿಸಿ, ರಾಸಾಯನಿಕವಿಲ್ಲದೆ ನೂಲಲು ಬರುವಂತೆ ಮಾಡಿದ್ದಾರೆ. ಮುದ್ರಣಕ್ಕೆ ಮೊದಲು ಪಾಲಿಥೀನ್ ಹಾಳೆಗೆ ಕೊಡುವ ಕೊರೊನಾ ಟ್ರೀಟ್‌ಮೆಂಟ್ ಕೂಡ ಇದೇ ಕುಟುಂಬದ್ದು.

ಈ ಹಾಳೆಯ ಪರೀಕ್ಷೆ ಹೇಗೆ ನಡೆಯುತ್ತದೆ ನೋಡಿ. ಕೆಲಸಗಾರ ಡೈನ್ ಪೆನ್ ತೆಗೆದು ಹಾಳೆಯ ಮೇಲೆ ಒಂದು ಗೆರೆ ಎಳೆಯುತ್ತಾನೆ. ಪೆನ್ನಿನ ಮೇಲೆ ಶಾಯಿಯ ಮೇಲ್ಮೈ ಎಳೆತವನ್ನು ಸೂಚಿಸುವ 38 ಎಂಬ ಅಂಕಿ ಇರುತ್ತದೆ. ಶಾಯಿ ಎರಡು ಸೆಕೆಂಡು ಗೆರೆಯಾಗಿಯೇ ನಿಂತರೆ ಪಾಸು, ಹನಿಹನಿಯಾಗಿ ಮುದುಡಿದರೆ ಫೇಲು. ಅಗ್ಗದ ಪರೀಕ್ಷೆ, ಇರಲಿ. ಆದರೆ ಹಾಳೆಗೆ ಪ್ಲಾಸ್ಮಾ ಅತಿಯಾದಾಗ ಏನಾಗುತ್ತದೆ? ಸರಪಳಿಗಳು ತುಂಡುತುಂಡಾಗಿ, ಆಮ್ಲಜನಕ ಹತ್ತಿದ ಚೂರುಗಳ ಸಡಿಲ ಪದರವೊಂದು ಮೇಲೆ ಕೂರುತ್ತದೆ. ಪೆನ್ನಿನ ಶಾಯಿ ಅದರ ಮೇಲೆ ಚೆನ್ನಾಗಿಯೇ ಹರಡುತ್ತದೆ. ಅಂಟು ಹಾಕಿದರೆ ಮಾತ್ರ ಆ ಪದರದ ಸಮೇತ ಕಿತ್ತು ಬರುತ್ತದೆ. ಇನ್ನೊಂದು ತೊಂದರೆ ಎಂದರೆ, ಸಂಸ್ಕರಿಸಿದ ಮೇಲ್ಮೈ ದಿನ ಕಳೆದಂತೆ ಹಳೆಯ ಗುಣಕ್ಕೆ ಮರಳುತ್ತದೆ. ಸಿಲಿಕೋನ್ ರಬ್ಬರ್ ಕೆಲವೇ ಗಂಟೆಗಳಲ್ಲಿ ಮತ್ತೆ ನೀರನ್ನು ದೂಡತೊಡಗುತ್ತದೆ. ಯಂತ್ರ ಮಾರುವವನು ತೋರಿಸುವುದು ಸಂಸ್ಕರಣೆ ಮುಗಿದ ಮರುನಿಮಿಷದ ಫಲಿತಾಂಶವನ್ನು. ಮಾಲು ಗಿರಾಕಿಯ ಕೈ ಸೇರುವುದು ಮುಂದಿನ ತಿಂಗಳು.

ಅನುರಣನದ ವಿಧಾನಗಳು ಬೇಕಾಗುವುದು ಇಲ್ಲಿಯೇ. ಇಎಸ್‌ಆರ್ ಅನ್ನು 1944ರಲ್ಲಿ ರಷ್ಯಾದ ಕಜಾನ್‌ನಲ್ಲಿ ಯೆವ್ಗೆನಿ ಜವೊಯ್‌ಸ್ಕಿ ಕಂಡುಹಿಡಿದರು. ಮಾದರಿಯ ಚೂರನ್ನು ತೆಳು ಕ್ವಾರ್ಟ್ಜ್ ನಳಿಕೆಗೆ ಹಾಕಿ, ವಿದ್ಯುತ್ಕಾಂತದ ಎರಡು ಧ್ರುವಗಳ ನಡುವಿನ ಲೋಹದ ಗೂಡಿಗೆ ಇಳಿಸುತ್ತಾರೆ. ಸುಮಾರು 9.5 ಗಿಗಾಹರ್ಟ್ಸ್ ಮೈಕ್ರೋವೇವ್ ಹರಿಯುತ್ತಿರುತ್ತದೆ. ಕಾಂತಕ್ಷೇತ್ರವನ್ನು ನಿಧಾನವಾಗಿ ಏರಿಸುತ್ತ 0.34 ಟೆಸ್ಲಾದ ಆಸುಪಾಸಿಗೆ ಬಂದರೆ, ಜೋಡಿಯಿಲ್ಲದ ಎಲೆಕ್ಟ್ರಾನ್ ಇದ್ದಲ್ಲಿ ಪರದೆಯ ಗೆರೆ ಮೇಲೆ ಜಿಗಿದು ಕೆಳಗೆ ಬಿದ್ದು ಮತ್ತೆ ಸಮವಾಗುತ್ತದೆ. ಇಲ್ಲದಿದ್ದರೆ ಗೆರೆ ಅಲುಗುವುದಿಲ್ಲ. ಇಂದು, ಹತ್ತು ದಿನ ಬಿಟ್ಟು, ಒಂದು ತಿಂಗಳು ಬಿಟ್ಟು ಅದೇ ಹಾಳೆಯನ್ನು ಹೀಗೆ ನೋಡಿದರೆ ರ‍್ಯಾಡಿಕಲ್‌ಗಳು ಉಳಿದಿವೆಯೋ ಆರಿವೆಯೋ ತಿಳಿಯುತ್ತದೆ. ಇಎಸ್‌ಆರ್ ಒಂದೇ ಎಲ್ಲವನ್ನೂ ಹೇಳದು. ಮೇಲ್ಪದರದಲ್ಲಿ ಯಾವ ಮೂಲವಸ್ತು ಎಷ್ಟಿದೆ ಎಂಬುದಕ್ಕೆ ಎಕ್ಸ್-ಕಿರಣದ ಬೇರೆ ಪರೀಕ್ಷೆ ಬೇಕು.

ಉಕ್ಕಿನ ವಿಷಯಕ್ಕೆ ಬಂದರೆ, ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ಹೀಟ್ ಟ್ರೀಟ್‌ಮೆಂಟ್ ನಡೆಸುವವರಿಗೆ ಪ್ಲಾಸ್ಮಾ ನೈಟ್ರೈಡಿಂಗ್ ಒಳ್ಳೆಯ ದಾರಿ. ಸುಮಾರು 500 ಡಿಗ್ರಿಯಲ್ಲಿ ಸಾರಜನಕವನ್ನು ಗೇರಿನ ಹಲ್ಲಿಗೆ ಊಡಿಸುವ ಈ ವಿಧಾನಕ್ಕೆ ಸಯನೈಡ್ ಉಪ್ಪಿನ ತೊಟ್ಟಿ ಬೇಕಿಲ್ಲ, ಅದರ ವಿಷದ ನೀರೂ ಚರಂಡಿಗೆ ಹೋಗುವುದಿಲ್ಲ. ಮೇಲ್ಪದರದಲ್ಲಿ ಕೂತದ್ದು ಕಬ್ಬಿಣದ ಯಾವ ನೈಟ್ರೈಡ್ ಎಂದು ಬಿಡಿಸಿ ಹೇಳಲು ಮಾಸ್‌ಬಾವರ್ ವಿಧಾನವಿದೆ. ಅದು ಗಾಮಾ ಕಿರಣದ ಅನುರಣನ. ರುಡಾಲ್ಫ್ ಮಾಸ್‌ಬಾವರ್‌ಗೆ 1961ರಲ್ಲಿ ನೊಬೆಲ್ ತಂದುಕೊಟ್ಟದ್ದು ಇದೇ.

ಈಗ ಕೃಷಿಯ ಮಾತು. ಪ್ಲಾಸ್ಮಾ ಹಾಯಿಸಿದ ನೀರು ಬೀಜ ಮೊಳೆಯಲು ಒಳ್ಳೆಯದೆಂಬ ಪ್ರಯೋಗಗಳು ಹಲವು ದೇಶಗಳಲ್ಲಿ ನಡೆದಿವೆ. ಗಾಳಿಯ ಪ್ಲಾಸ್ಮಾದಿಂದ ನೀರಿನಲ್ಲಿ ನೈಟ್ರೇಟ್ ಸೇರುತ್ತದೆ, ಹೈಡ್ರೋಜನ್ ಪೆರಾಕ್ಸೈಡೂ ಹುಟ್ಟುತ್ತದೆ. ನೈಟ್ರೇಟ್ ಎಂದರೆ ರೈತನಿಗೆ ಗೊತ್ತಿರುವ ಗೊಬ್ಬರವೇ. ಹಾಗಾದರೆ ಬೆಳೆ ಚೆನ್ನಾಗಿ ಬಂದದ್ದು ಪ್ಲಾಸ್ಮಾದಿಂದಲೋ ಗೊಬ್ಬರದಿಂದಲೋ? ಅಷ್ಟೇ ನೈಟ್ರೇಟ್ ಬೆರೆಸಿದ ಸಾದಾ ನೀರನ್ನು ಪಕ್ಕದ ಸಾಲಿಗೆ ಹಾಕಿ ನೋಡದ ಪ್ರಯೋಗವನ್ನು ನಾನು ನಂಬುವುದಿಲ್ಲ. ಹೈಡ್ರಾಕ್ಸಿಲ್ ರ‍್ಯಾಡಿಕಲ್ ಅನ್ನು ಬಾಟಲಿಯಲ್ಲಿ ತುಂಬಿ ಮಾರುತ್ತೇವೆ ಎಂದು ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಬಹುದು. ಅದು ಸೆಕೆಂಡಿನ ಅತ್ಯಲ್ಪ ಅಂಶದೊಳಗೆ ಎದುರಾದದ್ದರ ಜೊತೆ ವರ್ತಿಸಿ ಮುಗಿದುಹೋಗುತ್ತದೆ. ಇಎಸ್‌ಆರ್‌ನಲ್ಲಿ ಅದನ್ನು ನೋಡಬೇಕಾದರೂ ಹುಟ್ಟಿದ ಕೂಡಲೇ ಹಿಡಿದಿಡುವ ಇನ್ನೊಂದು ರಾಸಾಯನಿಕವನ್ನು ಮೊದಲೇ ಬೆರೆಸಿರಬೇಕು.

ಕರ್ನಾಟಕಕ್ಕೆ ಅನುರಣನ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಸೂರ್ಯನ್ 1951ರಲ್ಲೇ ಹರಿಯುವ ದ್ರವದ ಪರಮಾಣು ಬೀಜಗಳ ಅನುರಣನವನ್ನು (ಎನ್‌ಎಂಆರ್) ಅಳೆದು ಪ್ರಕಟಿಸಿದ್ದರು. ಪರ್ಸೆಲ್ ಮತ್ತು ಬ್ಲಾಕ್ ಅಮೆರಿಕದಲ್ಲಿ ಈ ವಿದ್ಯಮಾನವನ್ನು ತೋರಿಸಿ ಆಗಿನ್ನೂ ಐದಾರು ವರ್ಷವಾಗಿತ್ತು, ಅವರಿಗೆ ನೊಬೆಲ್ ಬಂದದ್ದು ಮರುವರ್ಷ. ದೇಶದ ಪ್ರಯೋಗಾಲಯಗಳ ಉಪಕರಣಗಳನ್ನು ಹೊರಗಿನವರೂ ಕಾಯ್ದಿರಿಸಲು ನೆರವಾಗುವ ಐ-ಸ್ಟೆಮ್ ಜಾಲತಾಣಕ್ಕೆ 2020ರ ಜನವರಿಯಲ್ಲಿ ಚಾಲನೆ ಸಿಕ್ಕಿದ್ದೂ ಬೆಂಗಳೂರಿನಲ್ಲೇ.

ಆದರೆ ಸಣ್ಣ ಕಾರ್ಖಾನೆಯವನಿಗೆ ಉಪಕರಣದ ಪಟ್ಟಿ ಸಾಲದು. ಯಾವ ಮಾದರಿಯನ್ನು ಎಷ್ಟು ಕತ್ತರಿಸಿ ಕಳಿಸಬೇಕು, ಬಂದ ಗೆರೆಯ ಅರ್ಥವೇನು ಎಂದು ಅವನ ಭಾಷೆಯಲ್ಲಿ ಹೇಳುವವರು ಬೇಕು. ಪ್ಲಾಸ್ಮಾ ಯಂತ್ರಕ್ಕೆ ಸಾರ್ವಜನಿಕ ಹಣದ ನೆರವು ಕೊಡುವಾಗ, ಮೂವತ್ತು ದಿನ ಹಳತಾದ ಮಾದರಿಯ ಪರೀಕ್ಷಾ ವರದಿಯನ್ನೂ ಷರತ್ತಾಗಿ ಕೇಳಬೇಕು, ಆ ಪರೀಕ್ಷೆಯ ಶುಲ್ಕವನ್ನೂ ನೆರವಿನಲ್ಲೇ ಸೇರಿಸಬೇಕು. ಇಎಸ್‌ಆರ್‌ನ ಸಾಮಾನ್ಯ ಯಂತ್ರಕ್ಕೆ ಎನ್‌ಎಂಆರ್‌ನ ದೊಡ್ಡ ಕಾಂತಗಳಂತೆ ದ್ರವ ಹೀಲಿಯಂ ಬೇಕಿಲ್ಲ. ತಂಪು ನೀರು, ಸ್ಥಿರ ವಿದ್ಯುತ್, ತಿಳಿದವರೊಬ್ಬರು ಇದ್ದರೆ ಜಿಲ್ಲಾ ಕೇಂದ್ರದ ಎಂಜಿನಿಯರಿಂಗ್ ಕಾಲೇಜಿನಲ್ಲೂ ನಡೆಯುತ್ತದೆ. ಮಾಸ್‌ಬಾವರ್ ವಿಧಾನದಲ್ಲಿ ಗಾಮಾ ಕಿರಣದ ಆಕರವಾಗಿ ಬಳಸುವ ಕೋಬಾಲ್ಟ್-57 ಮಾತ್ರ 272 ದಿನಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. ಅದನ್ನು ಕೊಳ್ಳುವ ಹಣವನ್ನು ಯಂತ್ರದ ಬೆಲೆಯೊಡನೆ ಒಂದೇ ಸಲ ಮಂಜೂರು ಮಾಡಿ ಕೈತೊಳೆದುಕೊಂಡರೆ ಆಗದು, ಪ್ರತಿ ಬಜೆಟ್‌ನಲ್ಲೂ ಇಡಬೇಕಾಗುತ್ತದೆ.