ಅರ್ಥಶಾಸ್ತ್ರದ ಸಂಶೋಧನೆಗೆ ಏನು ಓದಬೇಕು?

ಎಸ್.ಎಸ್.ಸಿ. ಪರೀಕ್ಷೆ ಮುಗಿದೊಡನೆ ನಮ್ಮ ಸೋಲಾಪುರ ಭಾಗದ ಮನೆಮನೆಯಲ್ಲಿ ಒಂದೇ ಮಾತು: ಮಾರ್ಕು ಬಂದರೆ ಸಾಯನ್ಸ್, ಬಾರದಿದ್ದರೆ ಆರ್ಟ್ಸ್. ಅರ್ಥಶಾಸ್ತ್ರವೆಂದರೆ ಮಾರ್ಕು ಬಾರದವರ ಪಾಲಿನ ವಿಷಯವೆಂದು ಪಾಲಕರು ತಿಳಿದಿದ್ದಾರೆ. ಇದು ತಪ್ಪು ತಿಳಿವಳಿಕೆ ಎಂದು ನನ್ನ ಅಭಿಪ್ರಾಯ. ಈ ವರ್ಷ ಹತ್ತನೆಯ ವರ್ಗದ ಹುಡುಗನೊಬ್ಬ, "ಸರ್, ಅರ್ಥಶಾಸ್ತ್ರದಲ್ಲಿ ಸಂಶೋಧನೆ ಮಾಡಲು ಏನು ಓದಬೇಕು?" ಎಂದು ಕೇಳಿದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ದಾದಾಭಾಯಿ ನವರೋಜಿಯವರು 1901ರಲ್ಲಿ ಪ್ರಕಟಿಸಿದ, ಭಾರತದ ಬಡತನವನ್ನು ಕುರಿತ ಗ್ರಂಥ. ಸರಕಾರದ ಅಂಕಿಸಂಖ್ಯೆಗಳಿಂದಲೇ ಅವರು ದೇಶದ ಸಂಪತ್ತು ಇಂಗ್ಲೆಂಡಿಗೆ ಹರಿದುಹೋಗುವುದನ್ನು ತೋರಿಸಿಕೊಟ್ಟರು. ಬರಿಯ ಸಿಟ್ಟಿಗಿಂತ ಲೆಕ್ಕಕ್ಕೆ ಬಲ ಹೆಚ್ಚೆಂಬುದು ಇದರ ಪಾಠ.

ಎರಡನೆಯದು ಅಮರ್ತ್ಯ ಸೇನ್ ಅವರು ಬಡತನ ಮತ್ತು ಕ್ಷಾಮಗಳನ್ನು ಕುರಿತು ಬರೆದ 1981ರ ಪುಸ್ತಕ. 1943ರ ಬಂಗಾಲ ಕ್ಷಾಮದಲ್ಲಿ ಜನ ಸತ್ತದ್ದಕ್ಕೆ ಅಕ್ಕಿಯ ಕೊರತೆಯೊಂದೇ ಕಾರಣವಲ್ಲ, ಅಕ್ಕಿಯ ಬೆಲೆ ಕೂಲಿಯವನ ಕೈಗೆ ನಿಲುಕದಷ್ಟು ಏರಿತ್ತು ಎನ್ನುತ್ತಾರೆ ಅವರು. ಈ ಮಾತು ನಿಮ್ಮ ಅಜ್ಜಿಗೆ ಹೊಸದಲ್ಲ. 1972ರ ಬರದಲ್ಲಿ ಖಡಿ ಒಡೆದು ಕೂಲಿ ತಂದು ಮಕ್ಕಳನ್ನು ಸಾಕಿದವರನ್ನು ಕೇಳಿ ನೋಡಿರಿ.

ಮೂರನೆಯದು ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ವಿದುಷಿ ಮಂಡ್ಯದ ಹತ್ತಿರದ ಎರಡು ಹಳ್ಳಿಗಳನ್ನು ಕುರಿತು 1962ರಲ್ಲಿ ಪ್ರಕಟಿಸಿದ ಗ್ರಂಥ. ಕಾಲುವೆ ನೀರು ಬಂದ ಹಳ್ಳಿ ಕಬ್ಬು ಬೆಳೆದು ಸಿರಿವಂತವಾಯಿತು, ಆದರೆ ಹಳೆಯ ರೀತಿಯಲ್ಲೇ ಉಳಿಯಿತು. ನೀರು ಬಾರದ ಹಳ್ಳಿಯವರು ಹೊಟ್ಟೆಪಾಡಿಗೆ ಹೊರಗಿನ ಉದ್ಯೋಗ ಹುಡುಕಿದರು. ಅಲ್ಲಿಯೇ ಬದಲಾವಣೆ ಹೆಚ್ಚಾಯಿತು. ಹೊರಗಿನಿಂದ ಊಹಿಸಿದವರಿಗೆ ಇದು ಹೊಳೆಯುತ್ತಿತ್ತೇ?

ನಾಲ್ಕನೆಯದು ನಮ್ಮ ಜಿಲ್ಲೆಯದೇ. ಹೈದರಾಬಾದಿನ ಹತ್ತಿರದ ಇಕ್ರಿಸ್ಯಾಟ್ ಸಂಸ್ಥೆಯು 1975ರಿಂದ ಶಿರಾಪುರ ಮತ್ತು ಕಲಮಣ ಗ್ರಾಮಗಳಲ್ಲಿ, ಪ್ರತಿ ಊರಿನ 40 ಮನೆಗಳ ಬೆಳೆ, ಕೂಲಿ, ಸಾಲಗಳ ಲೆಕ್ಕವನ್ನು ವರ್ಷಾನುಗಟ್ಟಲೆ ಬರೆಸಿತು. ಇವುಗಳ ಜೊತೆಗೆ ಬೇರೆ ಜಿಲ್ಲೆಗಳ ಹಳ್ಳಿಗಳನ್ನೂ ಸೇರಿಸಿ ವಾಕರ್ ಮತ್ತು ರಯಾನ್ ಅವರು 1990ರಲ್ಲಿ ಗ್ರಂಥ ಬರೆದರು. ನಮ್ಮ ಜೋಳದ ಹೊಲಗಳು ಜಗತ್ತಿನ ವಿದ್ವಾಂಸರ ಮೇಜಿನ ಮೇಲಿವೆ. ನಮ್ಮ ಮಕ್ಕಳಿಗೆ ಮಾತ್ರ ಗೊತ್ತಿಲ್ಲ!

"ಇವೆಲ್ಲ ಇಂಗ್ಲಿಷಿನಲ್ಲಿವೆ, ಕನ್ನಡ ಶಾಲೆಯ ಹುಡುಗರಿಗೆ ಹೇಗೆ ಸಾಧ್ಯ?" ಎಂದು ಕೆಲವರು ಕೇಳಬಹುದು. ನಿಘಂಟು ಇಟ್ಟುಕೊಂಡು ದಿನಕ್ಕೆರಡು ಪುಟ ಓದಿದರೆ ಇಂಗ್ಲಿಷು ಬಂದೀತು. ಆದರೆ ರೈತನ ಕಟ್ಟೆಯ ಮೇಲೆ ಕುಳಿತು ಅವನ ಮಾತಿನಲ್ಲಿಯೇ ಸಾಲದ ಸಂಗತಿ ಕೇಳುವ ಶಕ್ತಿ ನಿಘಂಟಿನಿಂದ ಬಾರದು. ಕನ್ನಡ, ಮರಾಠಿ ಎರಡನ್ನೂ ಆಡುವ ನಿಮ್ಮಲ್ಲಿ ಅದು ಈಗಾಗಲೇ ಇದೆ.

ಆದ್ದರಿಂದ ಈ ಬೇಸಿಗೆ ರಜೆಯಲ್ಲಿ ಒಂದು ವಹಿ ಹಿಡಿದು ನಿಮ್ಮ ಮನೆಯ ಒಂದು ತಿಂಗಳ ಜಮಾ-ಖರ್ಚು ಬರೆಯಿರಿ. ಪಾಲಕರೇ, ಮಗಳು ಸಾಲದ ಲೆಕ್ಕ ಕೇಳಿದರೆ "ನಿನಗ್ಯಾಕೆ?" ಎಂದು ಗದರಿಸಬೇಡಿರಿ. ಅವಳ ಸಂಶೋಧನೆ ಅಲ್ಲಿಂದಲೇ ಆರಂಭವಾಗಲಿ.