ಹೊತ್ತು ತಂದವರ ಕೂಲಿ ಯಾರದು?

ಕಳೆದ ವರ್ಷ ನಾವು ನಾಲ್ವರು ಗೆಳೆಯರು ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಕೋಟೆ ಹತ್ತಿದ್ದೆವು. ಇಳಿಯುವಾಗ ಒಬ್ಬ ಜಾರಿಬಿದ್ದ, ಹೆಜ್ಜೆ ಇಡಲಾಗಲಿಲ್ಲ. ಕತ್ತಲಾಗುತ್ತಿತ್ತು, ಸುತ್ತ ಕರಡಿಗಳ ಸೀಮೆ. ಕೂಗು ಕೇಳಿ ಬಂದ ಇಬ್ಬರು ಕುರಿಗಾಹಿಗಳು ಅವನನ್ನು ಕಂಬಳಿಯಲ್ಲಿ ಹೊತ್ತು ಇಳಿಸಿದರು. ದುಡ್ಡು ಕೊಡಹೋದರೆ, ‘ಬ್ಯಾಡ ಬಿಡ್ರಪ, ಮೊದ್ಲು ಆಸ್ಪತ್ರಿಗೆ ಹೋಗ್ರಿ’ ಎಂದರು.

ಎಲ್ಲ ಕಡೆ ಕಂಬಳಿ ಸಾಲದು. 2022ರ ಫೆಬ್ರುವರಿಯಲ್ಲಿ ನಂದಿ ಬೆಟ್ಟದ ಬಂಡೆಗಳಲ್ಲಿ ಸಿಲುಕಿದ ವಿದ್ಯಾರ್ಥಿಯನ್ನು ವಾಯುಪಡೆಯ ಹೆಲಿಕಾಪ್ಟರ್ ಮೇಲೆತ್ತಿತು. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ತ್ರ ತಾಲ್ ಚಾರಣದಲ್ಲಿ ಕರ್ನಾಟಕದ 9 ಮಂದಿ ಜೀವ ಬಿಟ್ಟರು. ತಂಡದ ಉಳಿದ 13 ಮಂದಿಯನ್ನು ಕರೆತರಲು ಅಲ್ಲೂ ಹೆಲಿಕಾಪ್ಟರ್ ಹಾರಿತು.

‘ಇವರ ಶೋಕಿಗೆ ನಮ್ಮ ತೆರಿಗೆ ಯಾಕೆ? ಬಿಲ್ ಹಾಕಿ’ ಎನ್ನುವವರಿದ್ದಾರೆ. ಕೇಳಲು ನ್ಯಾಯವೇ. ಆದರೆ ಜೇಬಿನಲ್ಲಿ ಬಸ್ ಚಾರ್ಜಷ್ಟೇ ಇರುವ ನಮ್ಮಂಥವರು ಬಿಲ್ಲಿಗೆ ಹೆದರಿ 112ಕ್ಕೆ ಕರೆ ಮಾಡಲು ತಡಮಾಡುತ್ತೇವೆ. ಆ ತಡವೇ ಜೀವ ತೆಗೆಯಬಹುದು.

ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ 25 ಡಾಲರಿನ ವಾರ್ಷಿಕ ಕಾರ್ಡ್ ಇದೆ. ಆ ಹಣ ಶೋಧ ಕಾರ್ಯದ ನಿಧಿಗೆ ಹೋಗುತ್ತದೆ. ಕಾರ್ಡ್ ಇದ್ದವರು ಎಡವಿದರೂ ಸಾಮಾನ್ಯವಾಗಿ ವೆಚ್ಚ ಕಟ್ಟಬೇಕಿಲ್ಲ. ನಮ್ಮಲ್ಲೂ ಚಾರಣದ ಟಿಕೆಟ್ಟಿಗೆ ಹತ್ತಿಪ್ಪತ್ತು ರೂಪಾಯಿ ಸೇರಿಸಿ ಇಂಥ ನಿಧಿ ಕಟ್ಟಬಹುದು. ನಿಷೇಧಿತ ಜಾಗಕ್ಕೆ ಬೇಕೆಂದೇ ನುಗ್ಗಿದವರಿಗೆ ದಂಡವಿರಲಿ, ಅದೂ ಜೀವ ಉಳಿದ ಮೇಲೆ.

ಆ ನಿಧಿಯಿಂದ ಬೆಟ್ಟದ ಬುಡದ ಊರುಗಳ ಯುವಕರಿಗೆ ಹಗ್ಗ, ಸ್ಟ್ರೆಚರ್, ತರಬೇತಿ ಸಿಗಲಿ. ಹೊತ್ತು ತಂದವರಿಗೆ ಆ ದಿನದ ಕೂಲಿಯೂ ಸಿಗಲಿ. ಬೇಡವೆನ್ನುವುದು ಅವರ ದೊಡ್ಡತನ. ಕೊಡುವುದು ನಮ್ಮ ಋಣ.